ತಂತ್ರಜ್ಞಾನ ಕೈಕೊಟ್ಟಾಗ ಚಿಂತನ ಸಭೆ: ಯಾವ ತಂಡಕ್ಕೆ ಯಾವ ದಾರಿ

ಹೊಸ ಆಲೋಚನೆಗಳಿಗಾಗಿ ಕರೆದ ಸಭೆಯ ನಡುವೆ ಇಂಟರ್ನೆಟ್ ಕಡಿದುಹೋದಾಗ, ಪ್ರೊಜೆಕ್ಟರ್ ಕೆಟ್ಟಾಗ ಅಥವಾ ಕರೆಂಟ್ ಹೋಗಿ ಯುಪಿಎಸ್ ಕೂಗಲು ಆರಂಭಿಸಿದಾಗ ಹೆಚ್ಚಿನ ತಂಡಗಳಲ್ಲಿ ನಡೆಯುವುದು ಒಂದೇ ಬಗೆ. ಒಬ್ಬರು ಕೇಬಲ್ ಕಿತ್ತು ಮತ್ತೆ ಚುಚ್ಚುತ್ತಾರೆ, ಇಬ್ಬರು ಅವರ ಬೆನ್ನ ಹಿಂದೆ ನಿಂತು ಸಲಹೆ ಕೊಡುತ್ತಾರೆ, ಉಳಿದವರು ಮೊಬೈಲ್ ತೆರೆಯುತ್ತಾರೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಯಾರೋ ಹಿರಿಯರು "ಇರಲಿ ಬಿಡಿ, ಹಾಗೇ ಮಾತಾಡೋಣ" ಎನ್ನುತ್ತಾರೆ. ಆ ಹೊತ್ತಿಗೆ ತಂಡದ ಮುಂದೆ ಇರುವ ದಾರಿಗಳಲ್ಲಿ "ಹಾಗೇ ಮಾತಾಡುವುದು" ಅತ್ಯಂತ ದುರ್ಬಲವಾದದ್ದು ಎಂಬುದು ಹತ್ತು–ಹನ್ನೆರಡು ಜನರ ಇಂಥ ಸಭೆಗಳನ್ನು ಹಲವು ವರ್ಷ ನಡೆಸಿದ ಮೇಲೆ ನನಗೆ ಮನವರಿಕೆಯಾಗಿದೆ. ಆದ್ದರಿಂದ ಕಾಗದ, ಫೋನ್, ಗೋಡೆ, ನೆಲ ಇವುಗಳನ್ನು ಬಳಸುವ ದಾರಿಗಳನ್ನು ಒಂದಕ್ಕೊಂದು ಹೋಲಿಸಿ, ಯಾವ ಸಂದರ್ಭಕ್ಕೆ ಯಾವುದು ಸಲ್ಲುತ್ತದೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಪರದೆ ಆರಿದಾಗ ಕಳೆದುಹೋಗುವುದು ಏನು

ಏನನ್ನು ಕಳೆದುಕೊಂಡೆವು ಎಂದು ತಿಳಿಯದೆ ಅದಕ್ಕೆ ಬದಲಿಯನ್ನು ಆರಿಸಲಾಗದು. ಡಿಜಿಟಲ್ ಬೋರ್ಡ್, ಅಂದರೆ ಎಲ್ಲರೂ ತಮ್ಮ ತಮ್ಮ ಯಂತ್ರದಿಂದಲೇ ಬರೆಯಬಹುದಾದ ಆನ್‌ಲೈನ್ ಫಲಕ, ತಂಡಕ್ಕೆ ಮೂರು ಅನುಕೂಲಗಳನ್ನು ಕೊಡುತ್ತದೆ. ಹತ್ತು ಮಂದಿ ಒಂದೇ ಹೊತ್ತಿಗೆ ಬರೆಯಬಹುದು. ಬರೆದವರು ಯಾರೆಂದು ತಕ್ಷಣ ತಿಳಿಯದಂತೆ ನೋಡಿಕೊಳ್ಳಬಹುದು. ಬರೆದದ್ದು ಅಳಿಯದೆ ಎಲ್ಲರ ಕಣ್ಣೆದುರು ಉಳಿಯುತ್ತದೆ. ಬಣ್ಣ, ಚಿತ್ರ, ಸಿದ್ಧ ಮಾದರಿಗಳೆಲ್ಲ ಇವುಗಳ ಮೇಲಿನ ಅಲಂಕಾರ. ಈ ಮೂರರಲ್ಲಿ ಮೊದಲನೆಯದರ ತೂಕ ಬಹಳ ಹೆಚ್ಚು, ಮತ್ತು ಅದು ಏಕೆ ಹೆಚ್ಚು ಎಂಬುದಕ್ಕೆ ಒಂದು ಇತಿಹಾಸವಿದೆ.

ಬ್ರೈನ್‌ಸ್ಟಾರ್ಮಿಂಗ್, ಅಂದರೆ ಗುಂಪಾಗಿ ಕೂತು ಆಲೋಚನೆಗಳನ್ನು ಹೊರಹಾಕುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಬಿಬಿಡಿಓ ಜಾಹೀರಾತು ಸಂಸ್ಥೆಯ ಅಲೆಕ್ಸ್ ಆಸ್‌ಬಾರ್ನ್. ಟೀಕೆಯನ್ನು ಮುಂದೂಡಿ, ವಿಚಿತ್ರವೆನಿಸುವ ಆಲೋಚನೆಯನ್ನೂ ಸ್ವಾಗತಿಸಿ, ಸಂಖ್ಯೆಗೆ ಒತ್ತು ಕೊಡಿ, ಒಬ್ಬರದನ್ನು ಇನ್ನೊಬ್ಬರು ಬೆಳೆಸಿ ಎಂಬ ನಾಲ್ಕು ನಿಯಮಗಳು ಅವರವು. 1953ರ ಅವರ ಪುಸ್ತಕದಿಂದ ಅವು ಜಗತ್ತಿನಾದ್ಯಂತ ಹರಡಿದವು. ಆದರೆ 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಒಟ್ಟಿಗೆ ಕೂತು ಮಾತಾಡಿದ ನಾಲ್ವರ ಗುಂಪುಗಳನ್ನು, ಬೇರೆ ಬೇರೆಯಾಗಿ ಯೋಚಿಸಿದ ನಾಲ್ವರ ಆಲೋಚನೆಗಳ ಮೊತ್ತದೊಂದಿಗೆ ಹೋಲಿಸಿ ನೋಡಿದಾಗ, ಒಂಟಿಯಾಗಿ ಯೋಚಿಸಿದವರ ಮೊತ್ತವೇ ಹೆಚ್ಚಾಗಿತ್ತು. ಇದಕ್ಕೆ ಕಾರಣವೇನೆಂಬುದನ್ನು 1987ರಲ್ಲಿ ಮೈಕೆಲ್ ಡೀಲ್ ಮತ್ತು ವುಲ್ಫ್‌ಗಾಂಗ್ ಸ್ಟ್ರೋಬೆ ಎಂಬ ಸಂಶೋಧಕರು ಬಿಡಿಸಿ ನೋಡಿದರು. ಬೇರೆ ಬೇರೆ ಕೋಣೆಗಳಲ್ಲಿ ಕೂತವರಿಗೆ ಬಣ್ಣದ ದೀಪಗಳನ್ನು ಕೊಟ್ಟು, ಮತ್ತೊಬ್ಬರು ಮಾತಾಡುತ್ತಿರುವಾಗ ಮಾತಾಡದಂತೆ ತಡೆದಾಗ, ಅವರ ಮುಖವನ್ನು ಯಾರೂ ನೋಡದಿದ್ದರೂ ಆಲೋಚನೆಗಳ ಸಂಖ್ಯೆ ಕುಸಿಯಿತು. ಟೀಕೆಯ ಭಯ, ಸೋಮಾರಿತನ ಇವುಗಳಿಗಿಂತ ಸರದಿಗಾಗಿ ಕಾಯುವುದೇ ದೊಡ್ಡ ಅಡ್ಡಿ ಎಂಬುದು ಆ ಪ್ರಯೋಗಗಳಿಂದ ಸ್ಪಷ್ಟವಾಯಿತು. ಕಾಯುತ್ತಿರುವಾಗ ನಮ್ಮ ಆಲೋಚನೆಯನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವುದರಲ್ಲೇ ಮನಸ್ಸು ತೊಡಗಿರುತ್ತದೆ. ಹೊಸದು ಹುಟ್ಟಲು ಜಾಗವಿರುವುದಿಲ್ಲ.

ನಮ್ಮ ಕಚೇರಿಗಳಲ್ಲಿ ಇದಕ್ಕೆ ಇನ್ನೊಂದು ಪದರವೂ ಸೇರುತ್ತದೆ. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಕಲಿತು ಬಂದವರು ನಾವು. ಸಾಹೇಬರು ಮೊದಲು ಒಂದು ಮಾತು ಹೇಳಿದರೆ ಉಳಿದವರ ಮಾತೆಲ್ಲ ಅದರ ಸುತ್ತಲೇ ಸುತ್ತುತ್ತದೆ. ಸಭೆ ಇಂಗ್ಲಿಷಿನಲ್ಲಿ ನಡೆಯುತ್ತಿದ್ದರೆ, ಕನ್ನಡದಲ್ಲಿ ಚೆನ್ನಾಗಿ ಯೋಚಿಸಬಲ್ಲವರು ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಡಿಜಿಟಲ್ ಬೋರ್ಡ್ ಈ ಎರಡೂ ತೊಡಕುಗಳನ್ನು ಸದ್ದಿಲ್ಲದೆ ಕಡಿಮೆ ಮಾಡುತ್ತಿತ್ತು. ಅದು ಇಲ್ಲವಾದಾಗ ಇವು ತಕ್ಷಣ ಮರಳಿ ಬರುತ್ತವೆ. ಹೀಗಾಗಿ ಮುಂದೆ ಹೋಲಿಸುವ ಪ್ರತಿಯೊಂದು ದಾರಿಯ ಮುಂದೆ ನಾನಿಡುವ ಪ್ರಶ್ನೆ ಇದು: ಎಲ್ಲರೂ ಒಂದೇ ಹೊತ್ತಿಗೆ ಕೊಡುಗೆ ಸಲ್ಲಿಸಲು ಇದು ಅವಕಾಶ ಕೊಡುತ್ತದೆಯೇ?

ಮೊದಲ ಐದು ನಿಮಿಷ

ಕೆಟ್ಟಿರುವುದು ನಮ್ಮ ಕೋಣೆಯಲ್ಲೋ, ನಮ್ಮ ಊರಿನಲ್ಲೋ, ಬಹಳ ದೂರದಲ್ಲೋ ಎಂಬುದನ್ನು ತಿಳಿಯಲು ಐದು ನಿಮಿಷ ಸಾಕು. ಕೋಣೆಯದಾದರೆ ಒಬ್ಬರು ಅದನ್ನು ಸರಿಪಡಿಸಲು ಹೋಗಲಿ, ಉಳಿದವರು ಕೆಲಸ ಆರಂಭಿಸಲಿ. ದೂರದ್ದಾದರೆ ಕಾಯುವುದರಲ್ಲಿ ಅರ್ಥವೇ ಇಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ನಿಂತುಹೋದವು. ಮೂರನ್ನೂ ನಡೆಸುವ ಕಂಪನಿಯ ಒಳಗಿನ ಉಪಕರಣಗಳೂ ಅದೇ ಜಾಲವನ್ನು ನೆಚ್ಚಿಕೊಂಡಿದ್ದರಿಂದ ಅದರ ಎಂಜಿನಿಯರ್‌ಗಳೇ ತೊಂದರೆಗೆ ಸಿಲುಕಿದರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಸುರಕ್ಷತಾ ಸಂಸ್ಥೆಯ ಒಂದು ದೋಷಪೂರ್ಣ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಆ ದಿನ ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆ ಕೌಂಟರುಗಳಲ್ಲಿ ಕೂತವರು ರಿಪೇರಿಯ ತನಕ ಕಾಯದೆ ಪೆನ್ನು ಹಿಡಿದರು ಎಂಬುದನ್ನು ಗಮನಿಸಬೇಕು.

ಐದು ನಿಮಿಷದ ಕೊನೆಯಲ್ಲಿ ಮೂರು ಸಂಗತಿಗಳು ತಿಳಿದಿರಬೇಕು. ತಂಡದ ಎಲ್ಲರೂ ಒಂದೇ ಕೋಣೆಯಲ್ಲಿದ್ದಾರೆಯೇ? ಇಂದು ಬೇಕಾಗಿರುವುದು ಆಲೋಚನೆಗಳೋ, ತೀರ್ಮಾನವೋ? ಕೈಯಲ್ಲಿ ಇನ್ನೆಷ್ಟು ಸಮಯ ಇದೆ? ಇವುಗಳ ಉತ್ತರವೇ ದಾರಿಯನ್ನು ಆರಿಸಿಕೊಡುತ್ತದೆ.

ಎಲ್ಲರೂ ಒಂದೇ ಕೋಣೆಯಲ್ಲಿದ್ದರೆ: ಸುತ್ತುವ ಹಾಳೆ

ನಾನು ಮೊದಲು ಕೈಹಾಕುವುದು ಜರ್ಮನಿಯ ಬರ್ನ್ಡ್ ರೋರ್‌ಬಾಕ್ 1968ರಲ್ಲಿ ಪ್ರಕಟಿಸಿದ 6-3-5 ವಿಧಾನಕ್ಕೆ. ಆರು ಜನ, ಒಬ್ಬೊಬ್ಬರಿಗೆ ಮೂರು ಆಲೋಚನೆ, ಐದು ನಿಮಿಷದ ಸುತ್ತು. ಪ್ರತಿಯೊಬ್ಬರ ಮುಂದೆಯೂ ಒಂದು ಹಾಳೆ. ಅದರಲ್ಲಿ ಮೂರು ಅಂಕಣ, ಆರು ಸಾಲು. ಮೊದಲ ಸಾಲಿನಲ್ಲಿ ಮೂರು ಆಲೋಚನೆ ಬರೆದು ಹಾಳೆಯನ್ನು ಬಲಗಡೆಯವರಿಗೆ ಕೊಡಬೇಕು. ಅವರು ಮೇಲಿನದನ್ನು ಓದಿ, ಅದನ್ನು ಬೆಳೆಸಿಯೋ ತಿರುಗಿಸಿಯೋ ತಮ್ಮ ಮೂರನ್ನು ಬರೆಯಬೇಕು. ಆರು ಸುತ್ತು ಮುಗಿಯುವಾಗ, ಅಂದರೆ ಅರ್ಧ ಗಂಟೆಯಲ್ಲಿ, 108 ಚೌಕಗಳು ತುಂಬಿರುತ್ತವೆ. ಅವುಗಳಲ್ಲಿ ಪುನರಾವರ್ತನೆ ಸಾಕಷ್ಟು ಇರುತ್ತದೆ, ಕೆಲವು ಖಾಲಿಯೂ ಉಳಿಯುತ್ತವೆ. ಆದರೂ ಅರ್ಧ ಗಂಟೆಯ ಮಾತಿನಿಂದ ಸಿಗುವುದಕ್ಕಿಂತ ಎಷ್ಟೋ ಹೆಚ್ಚು ಸಾಮಗ್ರಿ ಮೇಜಿನ ಮೇಲಿರುತ್ತದೆ.

ಒಂದು ಮಳೆಗಾಲದಲ್ಲಿ ಮಲೆನಾಡಿನ ಪಟ್ಟಣವೊಂದರ ತರಬೇತಿ ಸಭಾಂಗಣದಲ್ಲಿ ಹನ್ನೆರಡು ಜನ ಸೇರಿದ್ದೆವು. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ, ಸಂಜೆಯ ಹೊತ್ತು ಹೆಣ್ಣುಮಕ್ಕಳು ಬರುವಂತೆ ಮಾಡುವುದು ಹೇಗೆ ಎಂಬುದು ಅಂದಿನ ಪ್ರಶ್ನೆ. ಹನ್ನೊಂದು ಗಂಟೆಗೆ ಕರೆಂಟ್ ಹೋಯಿತು, ಸ್ವಲ್ಪ ಹೊತ್ತಿನಲ್ಲಿ ಟವರ್ ಕೂಡ ಹೋಯಿತು. ಸಿದ್ಧಪಡಿಸಿದ್ದೆಲ್ಲ ಆನ್‌ಲೈನ್ ಬೋರ್ಡ್‌ನಲ್ಲಿತ್ತು. ಊಟದವರೆಗೆ ಮಾತಾಡಿದೆವು, ಮೂವರು ಮಾತಾಡಿದರು, ಒಂಬತ್ತು ಜನ ತಲೆಯಾಡಿಸಿದೆವು. ಊಟದ ನಂತರ ಕಾರ್ಯಸೂಚಿಯ ಹಾಳೆಗಳನ್ನೇ ಮಗುಚಿ, ಗೆರೆ ಎಳೆದು, ಆರಾರು ಜನರ ಎರಡು ಗುಂಪು ಮಾಡಿಕೊಂಡೆವು. ಒಂದು ಹಾಳೆಯ ಮೊದಲ ಚೌಕದಲ್ಲಿ "ಕತ್ತಲಾದ ಮೇಲೆ ಒಬ್ಬಳೇ ಮನೆಗೆ ಹೋಗಬೇಕು, ಅದಕ್ಕೇ ಬರುವುದಿಲ್ಲ" ಎಂದಿತ್ತು. ಎರಡು ಸುತ್ತು ಕಳೆದ ಮೇಲೆ ಅದರ ಕೆಳಗೆ ಯಾರೋ "ಸ್ವಸಹಾಯ ಸಂಘದ ವಾರದ ಸಭೆಯನ್ನು ಗ್ರಂಥಾಲಯದಲ್ಲೇ ಮಾಡಿದರೆ?" ಎಂದು ಬರೆದಿದ್ದರು. ಅದರ ಕೆಳಗೆ ಮತ್ತೊಂದು ಕೈಬರಹ: "ಅಮ್ಮನ ಸಭೆ ಮುಗಿಯುವ ತನಕ ಮಗಳು ಓದಲಿ, ಇಬ್ಬರೂ ಒಟ್ಟಿಗೆ ಮನೆಗೆ ಹೋಗಲಿ." ಬೆಳಿಗ್ಗೆಯಿಡೀ ಒಂದು ಮಾತೂ ಆಡದಿದ್ದ, ತಂಡದಲ್ಲೇ ಚಿಕ್ಕವಳಾದ ಕ್ಷೇತ್ರ ಕಾರ್ಯಕರ್ತೆ ಬರೆದ ಸಾಲು ಅದು. ಸಮಸ್ಯೆಯೊಂದು ಮೂರು ಕೈ ದಾಟಿ ಪರಿಹಾರವಾದದ್ದನ್ನು ಅಷ್ಟು ಸ್ಪಷ್ಟವಾಗಿ ನಾನು ಮೊದಲು ಕಂಡದ್ದು ಅಂದು.

ಈ ವಿಧಾನಕ್ಕೆ ಕೆಲವು ತಿದ್ದುಪಡಿಗಳನ್ನು ಅನುಭವದಿಂದ ಸೂಚಿಸುತ್ತೇನೆ. ಐದು ನಿಮಿಷ ಮೊದಲ ಎರಡು ಸುತ್ತಿಗೆ ಸಾಕು. ಆಮೇಲೆ ಓದುವುದೇ ಹೆಚ್ಚಾಗುವುದರಿಂದ ಏಳು ನಿಮಿಷ ಕೊಡಬೇಕು. ತಂಡದಲ್ಲಿ ಒಂಬತ್ತು ಜನರಿದ್ದರೆ ಐದು ಮತ್ತು ನಾಲ್ಕರ ಗುಂಪು ಮಾಡಿ, ಒಂಬತ್ತು ಸುತ್ತಿನ ಒಂದೇ ಗುಂಪು ಬೇಡ. ಕೈಬರಹ ಇನ್ನೊಬ್ಬರಿಗೆ ಓದಲು ಬರಬೇಕು ಎಂಬುದನ್ನು ಆರಂಭದಲ್ಲೇ ಹೇಳಿ. ಯಾವ ಭಾಷೆಯಲ್ಲಿ ಬರೆಯಬೇಕು ಎಂಬ ಬಗ್ಗೆ ತಂಡ ಮೊದಲೇ ಒಪ್ಪಿಕೊಳ್ಳಬೇಕು. ಓದುವವರು ಇರುವ ತನಕ ಕನ್ನಡ, ಇಂಗ್ಲಿಷ್, ಹಿಂದಿ ಯಾವುದಾದರೂ ಸರಿ ಎಂಬ ನಿಯಮವೇ ಒಳ್ಳೆಯ ಫಲ ಕೊಟ್ಟಿದೆ. ಗಡಿಯಾರಕ್ಕೆ ನೆಟ್‌ವರ್ಕ್ ಬೇಕಿಲ್ಲ, ಫೋನಿನ ಅಲಾರಂ ಸಾಕು.

ಇದರ ದೌರ್ಬಲ್ಯವೂ ಸ್ಪಷ್ಟವಿದೆ. ಆಲೋಚನೆಗಳ ರಾಶಿ ಸಿಗುತ್ತದೆ, ಆದರೆ ಯಾವುದನ್ನು ಹಿಡಿಯಬೇಕು ಎಂಬ ತೀರ್ಮಾನ ಸಿಗುವುದಿಲ್ಲ. ಸಂಜೆಯೊಳಗೆ ಆಯ್ಕೆ ಆಗಲೇಬೇಕು ಎಂದಿದ್ದರೆ ಮುಂದಿನ ದಾರಿ ವಾಸಿ.

ತೀರ್ಮಾನವೂ ಇಂದೇ ಬೇಕಾದರೆ

ಆಂಡ್ರೆ ಡೆಲ್ಬೆಕ್ ಮತ್ತು ಆಂಡ್ರ್ಯೂ ವ್ಯಾನ್ ಡಿ ವೆನ್ ರೂಪಿಸಿ 1971ರಲ್ಲಿ ವಿವರಿಸಿದ ನಾಮಿನಲ್ ಗ್ರೂಪ್ ವಿಧಾನದಲ್ಲಿ ಬರಹ ಮತ್ತು ಮಾತು ಎರಡೂ ಇವೆ, ಆದರೆ ಅವುಗಳ ಕ್ರಮ ಕಟ್ಟುನಿಟ್ಟಾಗಿದೆ. ಮೊದಲು ಹತ್ತು ನಿಮಿಷ ಎಲ್ಲರೂ ಮೌನವಾಗಿ ತಮ್ಮ ತಮ್ಮ ಹಾಳೆಯಲ್ಲಿ ಬರೆಯುತ್ತಾರೆ. ಆಮೇಲೆ ಸರದಿಯಂತೆ ಒಬ್ಬೊಬ್ಬರೂ ಒಂದೊಂದೇ ಆಲೋಚನೆಯನ್ನು ಓದುತ್ತಾರೆ. ಒಬ್ಬರು ಅದನ್ನು ಚಾರ್ಟ್ ಹಾಳೆಯ ಮೇಲೆ ಅವರ ಮಾತಿನಲ್ಲೇ ಬರೆಯುತ್ತಾರೆ, ಚರ್ಚೆ ಮಾಡುವುದಿಲ್ಲ. ಪಟ್ಟಿ ಮುಗಿದ ಮೇಲೆ ಅರ್ಥವಾಗದ್ದನ್ನು ಮಾತ್ರ ಕೇಳಬಹುದು. ಕೊನೆಗೆ ಪ್ರತಿಯೊಬ್ಬರೂ ತಮಗೆ ಮುಖ್ಯವೆನಿಸಿದ ಐದನ್ನು ಚೀಟಿಯಲ್ಲಿ ಬರೆದು 5ರಿಂದ 1ರವರೆಗೆ ಅಂಕ ಕೊಡುತ್ತಾರೆ. ಅಂಕಗಳನ್ನು ಕೂಡಿದರೆ ತಂಡದ ಆದ್ಯತೆ ತಿಳಿಯುತ್ತದೆ.

ಸುತ್ತುವ ಹಾಳೆಯೊಂದಿಗೆ ಹೋಲಿಸಿದರೆ ಇಲ್ಲಿ ಒಬ್ಬರ ಆಲೋಚನೆಯನ್ನು ಇನ್ನೊಬ್ಬರು ಬೆಳೆಸುವ ಅವಕಾಶ ಕಡಿಮೆ, ಸಮಯವೂ ಹೆಚ್ಚು ಬೇಕು. ಎಂಟು ಜನರಿಗೆ ಒಂದು ಗಂಟೆಯಿಂದ ಒಂದೂವರೆ ಗಂಟೆ ಎಂದು ಇಟ್ಟುಕೊಳ್ಳಿ. ಇದರ ಬಲವಿರುವುದು ನ್ಯಾಯದಲ್ಲಿ. ಪ್ರತಿಯೊಬ್ಬರ ಹೆಸರಿನ ಮೇಲೂ ಸರದಿ ಬರುತ್ತದೆ, ಪ್ರತಿಯೊಬ್ಬರ ಚೀಟಿಗೂ ಒಂದೇ ತೂಕ. ತಂಡದಲ್ಲಿ ಎತ್ತರದ ಹುದ್ದೆಯವರೊಬ್ಬರಿದ್ದು ಉಳಿದವರು ಅವರ ಮುಖ ನೋಡಿ ಮಾತಾಡುವ ಪರಿಸ್ಥಿತಿ ಇದ್ದರೆ ನಾನು ಬೇರೆ ಯೋಚನೆ ಮಾಡದೆ ಇದನ್ನೇ ಆರಿಸುತ್ತೇನೆ. ಓದುವ ಸರದಿ ಚಿಕ್ಕವರಿಂದ ಆರಂಭವಾಗಿ ಹಿರಿಯರಲ್ಲಿ ಮುಗಿಯಲಿ. ಇದನ್ನು ಹಿರಿಯರಿಗೆ ಮೊದಲೇ ಹೋಗಿ ಹೇಳಿದರೆ ಅವರು ಸಂತೋಷದಿಂದ ಒಪ್ಪುತ್ತಾರೆ; ಸಭೆಯ ನಡುವೆ ಹೇಳಿದರೆ ಅವರಿಗೂ ಮುಜುಗರ, ಹೇಳಿದವರಿಗೂ ಮುಜುಗರ.

ವಿಷಯವೇ ಗೋಜಲಾಗಿದ್ದರೆ: ಚೀಟಿಗಳನ್ನು ಗುಂಪು ಮಾಡುವುದು

ಕೆಲವೊಮ್ಮೆ ತಂಡಕ್ಕೆ ಆಲೋಚನೆಗಳ ಕೊರತೆ ಇರುವುದಿಲ್ಲ. ದೂರುಗಳು, ಕ್ಷೇತ್ರದ ಟಿಪ್ಪಣಿಗಳು, ಗ್ರಾಹಕರ ಮಾತುಗಳು ತುಂಬಿಕೊಂಡು ಯಾವುದು ಯಾವುದಕ್ಕೆ ಸೇರಿದ್ದು ಎಂಬುದೇ ತಿಳಿಯದಂತಾಗಿರುತ್ತದೆ. ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಕಿತಾ ನೇಪಾಳದಂಥ ಕಡೆ ನಡೆಸಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಜೋಡಿಸಲು ಬಳಸುತ್ತಿದ್ದ ಕ್ರಮ 1960ರ ದಶಕದಲ್ಲಿ ಕೆಜೆ ವಿಧಾನ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಒಂದು ಚೀಟಿಗೆ ಒಂದೇ ಸಂಗತಿ ಬರೆದು, ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಹತ್ತಿರದ್ದು ಎನಿಸಿದವನ್ನು ಪಕ್ಕಪಕ್ಕದಲ್ಲಿಟ್ಟು, ಆ ಗುಂಪು ಏನು ಹೇಳುತ್ತಿದೆ ಎಂಬುದನ್ನು ಕೊನೆಯಲ್ಲಿ ಒಂದು ವಾಕ್ಯವಾಗಿ ಬರೆಯಬೇಕು. ಶೀರ್ಷಿಕೆಗಳನ್ನು ಮೊದಲೇ ಹಾಕಿ ಚೀಟಿಗಳನ್ನು ಅವುಗಳ ಕೆಳಗೆ ತುಂಬಿಸಿದರೆ ಈ ವಿಧಾನದ ಜೀವವೇ ಹೋಗುತ್ತದೆ. ಹಳೆಯ ವರ್ಗೀಕರಣವೇ ಹೊಸ ಕಾಗದದ ಮೇಲೆ ಮತ್ತೆ ಮೂಡುತ್ತದೆ.

ಸ್ಟಿಕ್ಕಿ ನೋಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಎ4 ಹಾಳೆಯನ್ನು ಎಂಟು ತುಂಡು ಮಾಡಿ ಸೆಲ್ಲೋ ಟೇಪ್ ಹಚ್ಚಿದರೂ ನಡೆಯುತ್ತದೆ. ಸ್ಕೆಚ್ ಪೆನ್ನಿನಿಂದ ದಪ್ಪ ಅಕ್ಷರದಲ್ಲಿ ಬರೆಯಿರಿ. ಬಾಲ್ ಪೆನ್ನಿನ ಬರಹ ದೂರದಿಂದ ಸರಿಯಾಗಿ ಕಾಣುವುದಿಲ್ಲ, ಕರೆಂಟ್ ಇಲ್ಲದ ಕೋಣೆಯಲ್ಲಂತೂ ಇಲ್ಲವೇ ಇಲ್ಲ. ಜೋಡಿಸುವಾಗ ಮಾತಾಡದಿರುವುದು ಉತ್ತಮ, ಏಕೆಂದರೆ ಮಾತು ಆರಂಭವಾದ ಕೂಡಲೇ ಎಲ್ಲರ ಕೈಗಳು ನಿಂತು ಒಬ್ಬರ ಬಾಯಿ ಮಾತ್ರ ಓಡುತ್ತದೆ.

ಬರೆಯುವುದೇ ಅಡ್ಡಿಯಾದರೆ

ಇಲ್ಲಿಯವರೆಗಿನ ಎಲ್ಲ ದಾರಿಗಳೂ ತಂಡದವರು ಸಲೀಸಾಗಿ ಓದಿ ಬರೆಯಬಲ್ಲರು ಎಂದು ಭಾವಿಸಿಕೊಂಡಿವೆ. ಕ್ಷೇತ್ರದಲ್ಲಿ ಕೆಲಸ ಮಾಡುವ ತಂಡಗಳಲ್ಲಿ ಅದು ಯಾವಾಗಲೂ ನಿಜವಲ್ಲ. ಇಂಥ ಕಡೆ ಕರ್ನಾಟಕಕ್ಕೇ ಒಂದು ಒಳ್ಳೆಯ ಪರಂಪರೆಯಿದೆ. ಬೆಂಗಳೂರು ಕೇಂದ್ರವಾಗಿರುವ ಮೈರಾಡ ಎಂಬ ಗ್ರಾಮೀಣಾಭಿವೃದ್ಧಿ ಸಂಸ್ಥೆ 1990ರ ಸುಮಾರಿಗೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಸಹಭಾಗಿ ಗ್ರಾಮೀಣ ಸಮೀಕ್ಷೆಯನ್ನು ಬೆಳೆಸಿದವರಲ್ಲಿ ಮೊದಲ ಸಾಲಿನದು. ಆ ಸಮೀಕ್ಷೆಯಲ್ಲಿ ಊರಿನವರೇ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಕೆರೆ, ಹೊಲ, ದಾರಿಗಳನ್ನು ಬಿಡಿಸಿ, ಬೀಜ, ಕಲ್ಲು, ಎಲೆಗಳನ್ನಿಟ್ಟು ಲೆಕ್ಕ ತೋರಿಸುತ್ತಾರೆ. ನೆಲದ ನಕ್ಷೆಯ ಸುತ್ತ ಹತ್ತು ಜನ ಒಂದೇ ಹೊತ್ತಿಗೆ ಬಗ್ಗಿ ಕೆಲಸ ಮಾಡಬಹುದು, ತಪ್ಪಿದ್ದನ್ನು ಕೈಯಿಂದ ಒರೆಸಿ ಮತ್ತೆ ಬಿಡಿಸಬಹುದು.

ಸ್ಥಳ, ದಾರಿ, ಕಾಲ, ಹಂಚಿಕೆ ಇಂಥ ವಿಷಯಗಳಿದ್ದರೆ ನಗರದ ಕಚೇರಿಯ ತಂಡಕ್ಕೂ ಇದು ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಗೋದಾಮಿನ ಜೋಡಣೆಯನ್ನೋ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲನ್ನೋ ಸುಧಾರಿಸಬೇಕಾದವರು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದುಕೊಂಡು ಅದರ ಮೇಲೆ ನಡೆದಾಡಿದರೆ, ಪರದೆಯ ಮೇಲಿನ ನಕ್ಷೆಯಲ್ಲಿ ಕಾಣದ ಅಡ್ಡಿಗಳು ಕಾಲಿಗೆ ಸಿಗುತ್ತವೆ. ಬೆಲೆ ನಿಗದಿ, ಹೆಸರಿಡುವುದು, ನೀತಿ ರೂಪಿಸುವುದು ಇಂಥ ವಿಷಯಗಳಿಗೆ ಇದು ಹೊಂದುವುದಿಲ್ಲ.

ತಂಡ ಚದುರಿದ್ದರೆ

ಆರು ಜನ ಬೆಂಗಳೂರಿನ ಕಚೇರಿಯಲ್ಲಿ, ಇಬ್ಬರು ಧಾರವಾಡದಲ್ಲಿ, ಒಬ್ಬರು ಶಿವಮೊಗ್ಗದ ಮನೆಯಲ್ಲಿ ಇದ್ದಾಗ ವಿಡಿಯೊ ಕಡಿದರೆ ಆಯ್ಕೆ ಕಷ್ಟದ್ದು. ಸಾಮಾನ್ಯವಾಗಿ ಕಚೇರಿಯವರು ಮಾತು ಮುಂದುವರಿಸುತ್ತಾರೆ, ಹೊರಗಿನ ಮೂವರು "ಕೇಳಿಸ್ತಿದೆಯಾ?" ಎನ್ನುತ್ತ ಕೊನೆಗೆ ಸುಮ್ಮನಾಗುತ್ತಾರೆ. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಮೊದಲು ನೋಡಬೇಕಾದದ್ದು ವಿಡಿಯೊವನ್ನು ಬಿಟ್ಟು ಧ್ವನಿಯನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂದು. ಇಂಟರ್ನೆಟ್ ಮೂಲಕದ ಧ್ವನಿಗೆ ಸೆಕೆಂಡಿಗೆ 100 ಕಿಲೋಬಿಟ್‌ಗಿಂತ ಕಡಿಮೆ ಸಾಕಾಗುತ್ತದೆ. ಗುಂಪಿನ ವಿಡಿಯೊಗೆ ಅದರ ಹಲವು ಪಟ್ಟು ಬೇಕು. ಎಲ್ಲರೂ ಕ್ಯಾಮೆರಾ ಆಫ್ ಮಾಡಿದರೆ ಸತ್ತಂತಿದ್ದ ಸಂಪರ್ಕ ಎಷ್ಟೋ ಸಲ ಬದುಕುತ್ತದೆ. ಡೇಟಾ ಪೂರ್ತಿ ನಿಂತಿದ್ದರೆ ಸಾಮಾನ್ಯ ಮೊಬೈಲ್ ಕಾನ್ಫರೆನ್ಸ್ ಕರೆ ಇದೆ, ಆದರೆ ಅದರಲ್ಲಿ ಒಬ್ಬರು ಸಾಧಾರಣವಾಗಿ ಐವರನ್ನು ಮಾತ್ರ ಜೋಡಿಸಬಹುದು. ಎಸ್‌ಎಂಎಸ್‌ ಕೂಡ ಡೇಟಾ ಇಲ್ಲದೆ ಹೋಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡ ಲಿಪಿಯಲ್ಲಿ 70 ಸಂಕೇತ ಮಾತ್ರ. ಸ್ವರಚಿಹ್ನೆ, ಒತ್ತು ಎಲ್ಲವೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುವುದರಿಂದ "ಕ್ಷ" ಎಂಬ ಒಂದೇ ಅಕ್ಷರಕ್ಕೆ ಮೂರು ಸಂಕೇತ ಬೇಕಾಗುತ್ತದೆ. ಆಲೋಚನೆಯೊಂದನ್ನು ಏಳೆಂಟು ಪದಗಳಲ್ಲಿ ಹೇಳಲು ಇದು ಸಾಲುತ್ತದೆ, ವಿವರಿಸಲು ಸಾಲದು.

ಫೋನ್ ಕರೆಯಲ್ಲಿ ಸರದಿ ಕಾಯುವ ತೊಂದರೆ ಎದುರುಬದುರು ಕೂತಿರುವುದಕ್ಕಿಂತ ಹೆಚ್ಚು, ಏಕೆಂದರೆ ಯಾರು ಮಾತಾಡಲು ಬಾಯಿ ತೆರೆದಿದ್ದಾರೆ ಎಂಬುದು ಕಾಣುವುದಿಲ್ಲ. ಹಾಗಾಗಿ ಕರೆಯನ್ನು ಆಲೋಚನೆ ಹುಟ್ಟಿಸಲು ಬಳಸಬೇಡಿ, ಕೂಡಿಸಲು ಬಳಸಿ. ನಾನು ನಡೆಸುವ ಕ್ರಮ ಇದು: ಐದು ನಿಮಿಷದ ಕರೆಯಲ್ಲಿ ಪ್ರಶ್ನೆಯನ್ನು ಎರಡು ಸಲ ಓದಿ ಹೇಳುವುದು, ಪ್ರತಿಯೊಬ್ಬರೂ ಅದನ್ನು ಬರೆದುಕೊಳ್ಳುವುದು, ಕರೆ ಕಡಿದು ಹದಿನೈದು ನಿಮಿಷ ಎಲ್ಲರೂ ಇದ್ದಲ್ಲೇ ಕಾಗದದ ಮೇಲೆ ಬರೆಯುವುದು, ಮತ್ತೆ ಕರೆ ಮಾಡಿ ದೂರದವರಿಂದ ಆರಂಭಿಸಿ ಒಬ್ಬೊಬ್ಬರೂ ಎರಡೆರಡು ಓದುವುದು. ಕಚೇರಿಯಲ್ಲಿರುವ ಒಬ್ಬರು ಅದನ್ನೆಲ್ಲ ಗೋಡೆಯ ಚಾರ್ಟಿನ ಮೇಲೆ ಬರೆಯುತ್ತಾರೆ. ಹೀಗೆ ಮಾಡಿದರೆ ಇಡೀ ಸಭೆಗೆ ಬೇಕಾಗುವ ಸಂಪರ್ಕದ ಅವಧಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಕಚೇರಿಯಲ್ಲಿರುವವರೆಲ್ಲ ಒಂದು ಲ್ಯಾಪ್‌ಟಾಪಿನ ಸುತ್ತ ಮುಗಿಬೀಳುವುದನ್ನು ತಪ್ಪಿಸಬೇಕು ಎಂಬುದಕ್ಕೆ ಒಂದು ಕಾರಣವಿದೆ. ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಯೋಗಾಲಯದ 602 ಜನರ ಜೋಡಿಗಳಲ್ಲೂ, ಐದು ದೇಶಗಳಲ್ಲಿ ಕೆಲಸ ಮಾಡುವ ಸುಮಾರು 1,500 ಎಂಜಿನಿಯರ್‌ಗಳಲ್ಲೂ, ವಿಡಿಯೊ ಮೂಲಕ ಕೂಡಿದವರಿಗಿಂತ ಮುಖಾಮುಖಿ ಕೂತವರಿಗೇ ಹೆಚ್ಚು ಆಲೋಚನೆಗಳು ಹೊಳೆದವು. ಕಣ್ಣು ಪರದೆಗೆ ಅಂಟಿಕೊಂಡಾಗ ಯೋಚನೆಯ ಹರವೂ ಕಿರಿದಾಗುತ್ತದೆ ಎಂಬುದು ಅವರ ವಿವರಣೆ. ಆದರೆ ಹೊಳೆದವುಗಳಲ್ಲಿ ಒಳ್ಳೆಯದನ್ನು ಆರಿಸುವ ಕೆಲಸದಲ್ಲಿ ವಿಡಿಯೊದವರು ಹಿಂದೆ ಬೀಳಲಿಲ್ಲ. ನಮ್ಮ ಸಂದರ್ಭಕ್ಕೆ ಇದರಿಂದ ಒಂದು ನೇರ ಉಪಯೋಗವಿದೆ: ಸಂಪರ್ಕ ಇಲ್ಲದ ಹೊತ್ತನ್ನು ಆಲೋಚನೆಗೆ ಬಳಸಿ, ಆಯ್ಕೆಯನ್ನು ಸಂಪರ್ಕ ಬಂದ ಮೇಲೆ ಎಲ್ಲರನ್ನೂ ಕೂಡಿಸಿಕೊಂಡು ಮಾಡಿ.

ಹಾಟ್‌ಸ್ಪಾಟ್, ಮುಂದೂಡಿಕೆ, ಬರಿಯ ಮಾತು

ಮೊಬೈಲ್ ಹಾಟ್‌ಸ್ಪಾಟಿನಿಂದ ಕೆಲಸ ಮುಂದುವರಿಸುವುದು ಕೆಟ್ಟ ಆಯ್ಕೆಯೇನಲ್ಲ, ಕೆಟ್ಟಿರುವುದು ಕಚೇರಿಯ ಬ್ರಾಡ್‌ಬ್ಯಾಂಡ್ ಮಾತ್ರವಾದರೆ. ಇಡೀ ಪ್ರದೇಶದಲ್ಲೇ ಕರೆಂಟ್ ಹೋಗಿದ್ದರೆ ಅಕ್ಕಪಕ್ಕದವರೆಲ್ಲ ಅದೇ ಟವರಿಗೆ ತಿರುಗಿರುತ್ತಾರೆ, ಟವರಿನ ಬ್ಯಾಟರಿಯೂ ಸದಾಕಾಲ ಬರುವುದಿಲ್ಲ. ರೂಟರಿಗೆಂದೇ ಸಿಗುವ ಚಿಕ್ಕ ಯುಪಿಎಸ್ ತಂದಿಡುವುದು ದೊಡ್ಡ ಖರ್ಚಿನ ಮಾತಲ್ಲ. ಲ್ಯಾಪ್‌ಟಾಪುಗಳಿಗೆ ತಮ್ಮದೇ ಬ್ಯಾಟರಿ ಇರುವುದರಿಂದ ಸಣ್ಣ ಕಡಿತಗಳಲ್ಲಿ ಮೊದಲು ಸಾಯುವುದು ರೂಟರೇ.

ಮುಂದೂಡುವುದು ಎರಡೇ ಸಂದರ್ಭಗಳಲ್ಲಿ ಸರಿ: ಚರ್ಚಿಸಬೇಕಾದ ದತ್ತಾಂಶವೇ ಯಂತ್ರದೊಳಗೆ ಸಿಕ್ಕಿಕೊಂಡಿದ್ದರೆ, ಅಥವಾ ವಿಷಯವನ್ನು ಬಲ್ಲ ವ್ಯಕ್ತಿಯೇ ದೂರದಲ್ಲಿದ್ದು ಅವರನ್ನು ಯಾವ ರೀತಿಯಲ್ಲೂ ತಲುಪಲಾಗದಿದ್ದರೆ. ಉಳಿದಂತೆ ಹತ್ತು ಜನರ ಬಿಡುವಿನ ಹೊತ್ತು ಮತ್ತೆ ಹೊಂದಲು ವಾರಗಳೇ ಹಿಡಿಯುತ್ತವೆ.

ಕಾಗದವೂ ಇಲ್ಲ, ಮಾತೊಂದೇ ಗತಿ ಎಂದಾದರೆ ಹತ್ತು ಜನರ ಒಂದು ಮಾತುಕತೆಯ ಬದಲು ಇಬ್ಬಿಬ್ಬರ ಐದು ಮಾತುಕತೆಗಳನ್ನು ನಡೆಸಿ. ಆಗ ಒಂದೇ ಹೊತ್ತಿಗೆ ಐವರು ಮಾತಾಡುತ್ತಿರುತ್ತಾರೆ. ಎಂಟು ನಿಮಿಷದ ನಂತರ ಪ್ರತಿಯೊಬ್ಬರೂ ತಮ್ಮ ಜೊತೆಗಾರರ ಆಲೋಚನೆಗಳಲ್ಲಿ ಉತ್ತಮವಾದ ಎರಡನ್ನು ಹೇಳಲಿ. ತನ್ನದನ್ನು ತಾನೇ ಹೇಳಿಕೊಳ್ಳಲು ಸಂಕೋಚಪಡುವವರ ಮಾತು ಹೀಗೆ ಇನ್ನೊಬ್ಬರ ಬಾಯಿಂದಲಾದರೂ ಹೊರಬರುತ್ತದೆ.

ಕಪಾಟಿನಲ್ಲಿ ಏನಿರಬೇಕು

ಸಭೆಯ ಕೋಣೆಯ ಕಪಾಟಿನಲ್ಲಿ ಒಂದು ಡಬ್ಬ ಇಟ್ಟುಕೊಂಡರೆ ಮೇಲಿನ ಎಲ್ಲ ದಾರಿಗಳೂ ತೆರೆದಿರುತ್ತವೆ. ಐವತ್ತು ಬಿಳಿ ಹಾಳೆ, ಹತ್ತು ಚಾರ್ಟ್ ಪೇಪರ್, ಹನ್ನೆರಡು ಕಪ್ಪು ಅಥವಾ ನೀಲಿ ಸ್ಕೆಚ್ ಪೆನ್, ಎರಡು ಸೆಲ್ಲೋ ಟೇಪ್, ಒಂದು ಕತ್ತರಿ, ಸೀಮೆಸುಣ್ಣ, ಚಾರ್ಜ್ ಮಾಡಬಹುದಾದ ಒಂದು ದೀಪ, ಮತ್ತು ತಂಡದ ಎಲ್ಲರ ಫೋನ್ ನಂಬರುಗಳ ಒಂದು ಅಚ್ಚಾದ ಹಾಳೆ. ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ನಂಬರುಗಳು ಇರುವುದು ತೆರೆಯದ ಲ್ಯಾಪ್‌ಟಾಪಿನಲ್ಲಿ ಎಂಬುದು ಗೊತ್ತಾಗುವುದು ಬೇಕಾದಾಗಲೇ. ಸಭೆಯ ಪ್ರಶ್ನೆಯನ್ನೂ ಮುಖ್ಯ ಅಂಕಿಅಂಶಗಳನ್ನೂ ಒಂದು ಪುಟದಲ್ಲಿ ಅಚ್ಚು ಹಾಕಿಸಿ ತರುವುದನ್ನು ಕರೆಂಟ್ ಇರುವ ದಿನವೂ ರೂಢಿ ಮಾಡಿಕೊಳ್ಳಿ. ತಿಂಗಳಿಗೊಂದು ಸಭೆಯನ್ನು ಬೇಕೆಂದೇ ಕಾಗದದಲ್ಲಿ ನಡೆಸಿದರೆ, ನಿಜವಾಗಿ ಕೆಟ್ಟ ದಿನ ನಿಯಮಗಳನ್ನು ವಿವರಿಸುತ್ತ ಕೂರಬೇಕಾಗುವುದಿಲ್ಲ.

ಸಂಪರ್ಕ ಮರಳಿ ಬಂದಾಗ ಹಾಳೆಗಳನ್ನು ಗಡಿಬಿಡಿಯಲ್ಲಿ ಬೋರ್ಡಿಗೆ ತುಂಬಿಸಲು ಹೋಗಬೇಡಿ. ನಡೆಯುತ್ತಿರುವ ಸುತ್ತು ಮುಗಿಯಲಿ. ಆಮೇಲೆ ಗೋಡೆಯ ಮೇಲಿರುವುದನ್ನು ಇದ್ದ ಜೋಡಣೆಯಲ್ಲೇ ಫೋಟೊ ತೆಗೆಯಿರಿ, ಏಕೆಂದರೆ ಯಾವ ಚೀಟಿ ಯಾವುದರ ಪಕ್ಕದಲ್ಲಿತ್ತು ಎಂಬುದೂ ಮಾಹಿತಿಯೇ. ಟೈಪ್ ಮಾಡುವವರು ವಾಕ್ಯಗಳನ್ನು ತಿದ್ದಿ ಚಂದ ಮಾಡದೆ, ಬರೆದವರ ಮಾತಿನಲ್ಲೇ, ಬರೆದ ಭಾಷೆಯಲ್ಲೇ ಏರಿಸಲಿ. ಮರುದಿನ ಬೆಳಿಗ್ಗೆಯೊಳಗೆ ಅದು ಎಲ್ಲರಿಗೂ, ಮೊದಲಿಗೆ ಆ ದಿನ ಸಂಪರ್ಕ ಕಡಿದುಹೋಗಿದ್ದವರಿಗೆ, ತಲುಪಲಿ. ಅವರು ತಮ್ಮ ಮೂರು ಸಾಲು ಸೇರಿಸಿದ ಮೇಲಷ್ಟೇ ಅಂಕ ಹಾಕುವ ಕೆಲಸ ಆರಂಭವಾಗಲಿ.